ಅವಧಿ ಮುಗಿಯುವ ಹೊತ್ತು: ಲೋಕಸಭೆಯ ಕೊನೆಯ ದಿನಗಳು ನಡೆದುಬಂದ ಬಗೆ

ಲೋಕಸಭೆಗೆ ಸಂವಿಧಾನ ಗೊತ್ತುಮಾಡಿರುವ ಆಯಸ್ಸು ಐದು ವರ್ಷ. ಹೊಸ ಸಭೆ ಮೊದಲ ಸಲ ಸೇರಲು ನಿಗದಿಯಾದ ದಿನದಿಂದ ಈ ಲೆಕ್ಕ ಶುರುವಾಗುತ್ತದೆ. 83ನೇ ವಿಧಿಯ ಪ್ರಕಾರ ಐದು ವರ್ಷ ತುಂಬಿದೊಡನೆ ಸಭೆ ತಾನಾಗಿಯೇ ವಿಸರ್ಜನೆಯಾಗುತ್ತದೆ, ಯಾರ ಆದೇಶವೂ ಬೇಕಾಗಿಲ್ಲ. ಆದರೆ ಅಲ್ಲಿಯವರೆಗೆ ಕಾಯುವ ವಾಡಿಕೆ ಇಲ್ಲ. ಅವಧಿ ತುಂಬುವುದಕ್ಕೆ ಕೆಲವು ದಿನ ಅಥವಾ ವಾರ ಇರುವಾಗಲೇ ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿಗಳು 85ನೇ ವಿಧಿಯ ಅಧಿಕಾರ ಬಳಸಿ ಸಭೆಯನ್ನು ವಿಸರ್ಜಿಸುತ್ತಾರೆ. ರಾಜ್ಯಸಭೆಗೆ ಈ ಬಗೆಯ ಕೊನೆ ಇಲ್ಲ. ಅಲ್ಲಿ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದ ಸದಸ್ಯರು ನಿವೃತ್ತರಾಗುತ್ತಾರೆ, ಅವರಿಗೆ ಬೀಳ್ಕೊಡುಗೆಯ ಮಾತುಗಳೂ ಆಗುತ್ತವೆ, ಸದನ ಮಾತ್ರ ಮುಂದುವರಿಯುತ್ತದೆ.

ಒಂದು ಲೋಕಸಭೆ ಮುಗಿಯುವುದು ಹಲವು ಹಂತಗಳಲ್ಲಿ. ಕೊನೆಯ ಕಲಾಪ ಒಂದು ದಿನ, ವಿಸರ್ಜನೆ ಬೇರೊಂದು ದಿನ, ಮುಂದಿನ ಸಭೆ ಸೇರುವುದು ಮತ್ತೊಂದು ದಿನ. 17ನೇ ಲೋಕಸಭೆಯ ಕೊನೆಯ ಕಲಾಪ ನಡೆದದ್ದು 2024ರ ಫೆಬ್ರವರಿ 10ರಂದು, ವಿಸರ್ಜನೆಯಾದದ್ದು ಜೂನ್ 5ರಂದು. ನಡುವಿನ ಸುಮಾರು ನಾಲ್ಕು ತಿಂಗಳು ಸದಸ್ಯರು ಸದಸ್ಯರಾಗಿಯೇ ಇದ್ದು ಊರೂರು ತಿರುಗಿ ಮತ ಕೇಳುತ್ತಿದ್ದರು, ಸದನ ಸೇರಲಿಲ್ಲ. ಐದು ವರ್ಷದ ಕೆಲಸವನ್ನು ಹಿಂದಿರುಗಿ ನೋಡಿ ಸದಸ್ಯರು ಮಾತಾಡುವುದು ಆ ಕೊನೆಯ ಕಲಾಪದಲ್ಲಿ. ಆ ಮಾತುಗಳಿಗೆ ಬೆಲೆ ಇದೆ. ಆದರೆ ಒಂದು ಸಭೆ ಏನು ಮಾಡಿತು ಎಂಬುದರ ನಿಜವಾದ ಲೆಕ್ಕ ಸಿಗಬೇಕಾದರೆ ಮುಗಿಯದೆ ಬಿದ್ದುಹೋದ ಮಸೂದೆಗಳನ್ನೂ, ಕೊನೆಯ ವಾರಗಳಲ್ಲಿ ಅವಸರದಿಂದ ದಾಟಿಸಿದ ಕಾಯಿದೆಗಳನ್ನೂ ಜೊತೆಗಿಟ್ಟು ಓದಬೇಕು.

ಶಾಸನಸಭೆಗೆ ಆಯಸ್ಸು ಕಟ್ಟುವ ಪದ್ಧತಿ ಭಾರತಕ್ಕೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿ ಪಾರ್ಲಿಮೆಂಟಿನ ಗರಿಷ್ಠ ಅವಧಿ 1716ರ ಕಾಯಿದೆಯಿಂದ ಏಳು ವರ್ಷವಾಯಿತು, 1911ರಲ್ಲಿ ಐದಕ್ಕೆ ಇಳಿಯಿತು. ದೊರೆ ತೀರಿಕೊಂಡರೆ ಪಾರ್ಲಿಮೆಂಟಿನ ಆಯಸ್ಸೂ ಮುಗಿಯುತ್ತಿದ್ದ ಹಳೆಯ ಕ್ರಮ ಹೋದದ್ದು 1867ರಲ್ಲಿ. ಯುದ್ಧ ಬಂದಾಗ ಅವಧಿಯನ್ನು ಹಿಗ್ಗಿಸಿಕೊಳ್ಳುವುದೂ ಅಲ್ಲಿ ನಡೆದಿತ್ತು. 1935ರಲ್ಲಿ ಆಯ್ಕೆಯಾದ ಪಾರ್ಲಿಮೆಂಟು ಎರಡನೇ ಮಹಾಯುದ್ಧದ ಕಾರಣ 1945ರವರೆಗೆ ಉಳಿಯಿತು. ಭಾರತದಲ್ಲಿ 1919ರ ಕಾಯಿದೆ ಕೇಂದ್ರ ಶಾಸನಸಭೆಗೆ ಮೂರು ವರ್ಷದ ಅವಧಿ ಇಟ್ಟು, ಅದನ್ನು ಮೊಟಕುಗೊಳಿಸುವ ಅಥವಾ ಬೆಳೆಸುವ ಅಧಿಕಾರವನ್ನು ಗವರ್ನರ್ ಜನರಲ್ ಕೈಗೆ ಕೊಟ್ಟಿತ್ತು. ಇದರ ಫಲವಾಗಿ 1934ರ ಚುನಾವಣೆಯಲ್ಲಿ ಗೆದ್ದವರು 1945ರ ಚುನಾವಣೆಯವರೆಗೂ ಕೂತಿದ್ದರು. ಮತದಾರರನ್ನು ಒಂದು ಮಾತೂ ಕೇಳದೆ ಹನ್ನೊಂದು ವರ್ಷ ಸಾಗಿದ ಆ ಸಭೆಯ ನೆನಪು ಸಂವಿಧಾನ ಬರೆದವರಿಗೆ ಹಸಿಯಾಗಿಯೇ ಇತ್ತು. ತುರ್ತುಪರಿಸ್ಥಿತಿ ಜಾರಿಯಲ್ಲಿದ್ದರೆ ಮಾತ್ರ, ಅದೂ ಸಂಸತ್ತಿನ ಕಾಯಿದೆಯ ಮೂಲಕ, ಒಂದು ಸಲಕ್ಕೆ ಒಂದು ವರ್ಷ ಮೀರದಂತೆ ಅವಧಿ ವಿಸ್ತರಿಸಬಹುದು ಎಂಬ ಕಟ್ಟು ಸಂವಿಧಾನದಲ್ಲಿದೆ.

ಅವಧಿಯ ಕೊನೆಯಲ್ಲಿ ದೊಡ್ಡ ಕೆಲಸ ಕೈಬಿಟ್ಟುಹೋಗುವುದಕ್ಕೆ ಸ್ವತಂತ್ರ ಭಾರತದ ಮೊದಲ ದೊಡ್ಡ ನಿದರ್ಶನ ಹಿಂದೂ ಸಂಹಿತೆ ಮಸೂದೆ. ಮಂಗಳೂರಿನ ಮನೆತನದ ಬೆನಗಲ್ ನರಸಿಂಗ ರಾವ್ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಕರಡನ್ನು ಕಾನೂನು ಸಚಿವ ಅಂಬೇಡ್ಕರ್ ಪರಿಷ್ಕರಿಸಿ ಸದನದಲ್ಲಿ ನಡೆಸಿಕೊಂಡು ಬಂದಿದ್ದರು. ಆಗ ಇದ್ದದ್ದು ನೇರ ಚುನಾವಣೆಯಿಂದ ಬಾರದ ತಾತ್ಕಾಲಿಕ ಸಂಸತ್ತು. ಜನರಿಂದ ಆರಿಸಿ ಬರುವ ಸಭೆಯೇ ಇಂಥ ವಿಷಯ ತೀರ್ಮಾನಿಸಲಿ ಎಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರೇ ನೆಹರೂ ಅವರಿಗೆ ಬರೆದರು. ಮಹಾಚುನಾವಣೆ ಹೊಸಿಲಿಗೆ ಬಂದಿದ್ದ 1951ರ ಸೆಪ್ಟೆಂಬರಿನಲ್ಲಿ ಸರ್ಕಾರ ಮಸೂದೆಯನ್ನು ಕೈಬಿಟ್ಟಿತು, ಅಂಬೇಡ್ಕರ್ ರಾಜೀನಾಮೆ ಕೊಟ್ಟರು. ಮೊದಲ ಲೋಕಸಭೆ ಅದನ್ನು ವಿವಾಹ, ಉತ್ತರಾಧಿಕಾರ, ಪಾಲಕತ್ವ, ದತ್ತು ಮತ್ತು ಜೀವನಾಂಶ ಎಂದು ನಾಲ್ಕು ತುಂಡು ಮಾಡಿ 1955 ಮತ್ತು 1956ರಲ್ಲಿ ಕಾಯಿದೆಯಾಗಿಸಿತು. ಒಂದು ಸಭೆ ಎತ್ತಲಾಗದ ಭಾರವನ್ನು ಮುಂದಿನ ಸಭೆ ಎತ್ತಿಕೊಂಡ ಅಪರೂಪದ ಸಂದರ್ಭ ಅದು. ಅದನ್ನು ಹೊತ್ತು ತಂದ ಮನುಷ್ಯ ಮಾತ್ರ ಆ ವೇಳೆಗೆ ಸರ್ಕಾರದಲ್ಲಿರಲಿಲ್ಲ.

ಮೊದಲ ಲೋಕಸಭೆಯ ಕೊನೆಯ ದಿನಗಳು ಇಂದಿನವಕ್ಕಿಂತ ತೀರ ಬೇರೆಯಾಗಿದ್ದವು. 1957ರ ಚುನಾವಣೆಯ ಮತದಾನ ದೇಶದ ಬಹುಭಾಗದಲ್ಲಿ ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ, ಹಳೆಯ ಸಭೆಯೇ ಮತ್ತೊಮ್ಮೆ ಸೇರಿತು. ಏಪ್ರಿಲ್ 1ರಿಂದ ಸರ್ಕಾರದ ಖರ್ಚಿಗೆ ಹಣ ಬೇಕಿತ್ತು, ಹೊಸ ಸಭೆ ಇನ್ನೂ ರಚನೆಯಾಗಿರಲಿಲ್ಲ. ಗೆದ್ದವರು, ಸೋತವರು, ಸ್ಪರ್ಧಿಸದೆ ಹಿಂದೆ ಸರಿದವರು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಲೇಖಾನುದಾನಕ್ಕೆ ಒಪ್ಪಿಗೆ ಕೊಟ್ಟರು. 1962ರ ಮಾರ್ಚಿನಲ್ಲೂ ಎರಡನೇ ಲೋಕಸಭೆ ಇದೇ ರೀತಿ ಸೇರಿತ್ತು. 1957ರ ಮಾರ್ಚ್ 28ರಂದು ನೆಹರೂ ಆಡಿದ ಮಾತು ಸಂಸತ್ತಿನ ವಿದಾಯ ಭಾಷಣಗಳಲ್ಲೇ ಹೆಚ್ಚು ನೆನಪಿನಲ್ಲಿ ಉಳಿದಿದೆ. ಈ ದೇಶದ ಕೋಟ್ಯಂತರ ಜನರ ಯೋಗಕ್ಷೇಮದ ಹೊಣೆ ಹೊತ್ತ ಪರಮಾಧಿಕಾರದ ಸಭೆಯಲ್ಲಿ ಸದಸ್ಯರಾಗಿ ಕೂರುವುದಕ್ಕಿಂತ ದೊಡ್ಡ ಜವಾಬ್ದಾರಿ ಮತ್ತೊಂದಿಲ್ಲ ಎಂಬುದು ಅದರ ಸಾರ. ಸದಸ್ಯರೆಲ್ಲ ಅದಕ್ಕೆ ತಕ್ಕವರಾಗಿದ್ದರೋ ಇಲ್ಲವೋ, ಇತಿಹಾಸದ ಅಂಚಿನಲ್ಲಿ ನಿಂತು ಬದುಕಿದ್ದಂತೂ ಹೌದು ಎಂದೂ ಅವರು ಹೇಳಿದರು. ಕೇಳುತ್ತಿದ್ದವರಲ್ಲಿ ಎಷ್ಟೋ ಜನರಿಗೆ ತಾವು ಮತ್ತೆ ಆ ಕುರ್ಚಿಗೆ ಬರುವುದಿಲ್ಲವೆಂದು ಆಗಲೇ ಗೊತ್ತಿತ್ತು, ಮತ ಕೇಳುವ ಕೆಲಸ ಮುಗಿದಿತ್ತು. ಚುನಾವಣೆಗೆ ಮೊದಲೇ ಸದನ ಮುಗಿಯುವ ಇಂದಿನ ಕ್ರಮದಲ್ಲಿ ಆ ನಿರಾಳ ಸಿಗದು. ಈಗಿನ ವಿದಾಯದ ಮಾತಿನಲ್ಲಿ ಪ್ರಚಾರದ ಮೊದಲ ಭಾಷಣವೂ ಬೆರೆತಿರುತ್ತದೆ.

ಆ ಮೊದಲ ಲೋಕಸಭೆ ಒಟ್ಟು 677 ದಿನ ಸೇರಿತ್ತು. ಅದರ ಸ್ಪೀಕರ್ ಮಾವಲಂಕರ್ ಅವಧಿ ಮುಗಿಯುವುದನ್ನು ನೋಡಲಿಲ್ಲ. 1956ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ ಅನಂತಶಯನಂ ಅಯ್ಯಂಗಾರ್ ಪೀಠಕ್ಕೆ ಬಂದರು.

ವಿದಾಯಕ್ಕೆ ಅವಕಾಶವೇ ಸಿಗದ ಸಭೆಗಳೂ ಇವೆ. 1970ರ ಡಿಸೆಂಬರ್ 15ರಂದು ಮಾಜಿ ರಾಜರ ಮಾನ್ಯತೆ ರದ್ದುಗೊಳಿಸಿದ ರಾಷ್ಟ್ರಪತಿಗಳ ಆದೇಶವನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಹನ್ನೆರಡು ದಿನ ಕಳೆದು, ಡಿಸೆಂಬರ್ 27ರಂದು, ಇಂದಿರಾ ಗಾಂಧಿಯವರ ಸಲಹೆಯಂತೆ ರಾಷ್ಟ್ರಪತಿ ವಿ.ವಿ. ಗಿರಿ ನಾಲ್ಕನೇ ಲೋಕಸಭೆಯನ್ನು ವಿಸರ್ಜಿಸಿದರು. ಅವಧಿಗೆ ಮುಂಚೆ ಮುಗಿದ ಮೊದಲ ಲೋಕಸಭೆ ಅದು. ಅಧಿವೇಶನ ಮುಗಿಸಿ ಊರಿಗೆ ಹೋಗಿದ್ದ ಸದಸ್ಯರು ತಾವು ಮಾಜಿಗಳಾದ ಸುದ್ದಿಯನ್ನು ಹೊರಗಿನಿಂದಲೇ ತಿಳಿದುಕೊಳ್ಳಬೇಕಾಯಿತು.

ಐದನೇ ಲೋಕಸಭೆಯದು ಇದಕ್ಕೆ ತೀರ ವಿರುದ್ಧವಾದ ಕಥೆ. 1971ರ ಮಾರ್ಚಿನಲ್ಲಿ ಸೇರಿದ ಅದರ ಐದು ವರ್ಷ 1976ರ ಮಾರ್ಚಿಗೆ ತುಂಬಬೇಕಿತ್ತು. ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು, ವಿರೋಧಪಕ್ಷದ ಹಲವರು ಜೈಲಿನಲ್ಲಿದ್ದರು. ಸಂಸತ್ತು ತನ್ನ ಅವಧಿಯನ್ನು ತಾನೇ ಒಂದು ವರ್ಷ ಬೆಳೆಸಿಕೊಂಡಿತು, ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ವರ್ಷ ಸೇರಿಸಿಕೊಂಡಿತು. ಮತದಾರ ಕೊಟ್ಟ ಐದು ವರ್ಷದ ಆಚೆಗೆ ಒಂದು ದಿನವೂ ಆ ಸ್ಥಾನದಲ್ಲಿ ಇರಬಾರದೆಂದು ಮಧು ಲಿಮಯೆ ಮತ್ತು ಯುವ ಸದಸ್ಯ ಶರದ್ ಯಾದವ್ ರಾಜೀನಾಮೆ ಕೊಟ್ಟರು. ಭಾರತದ ಸಂಸದೀಯ ಇತಿಹಾಸದಲ್ಲಿ ಅವಧಿಯ ಕೊನೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಮತ್ತೆ ಸಿಗುವುದು ಕಷ್ಟ. 42ನೇ ತಿದ್ದುಪಡಿ ಲೋಕಸಭೆಯ ಮತ್ತು ವಿಧಾನಸಭೆಗಳ ಅವಧಿಯನ್ನು ಆರು ವರ್ಷಕ್ಕೆ ಏರಿಸಿತು. 1977ರ ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದಾಗ ಆ ಸಭೆ ಮುಗಿಯಿತು. ಜನತಾ ಸರ್ಕಾರದ ಕಾಲದ 44ನೇ ತಿದ್ದುಪಡಿ ಅವಧಿಯನ್ನು ಮತ್ತೆ ಐದಕ್ಕೆ ತಂದಿತು.

ಆರನೇ ಲೋಕಸಭೆಯ ಕೊನೆಗೆ ಕರ್ನಾಟಕದವರೊಬ್ಬರು ಸಾಕ್ಷಿಯಾದರು. ಕಾರ್ಕಳ ಸೀಮೆಯ ಕೌಡೂರು ಸದಾನಂದ ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟಿದ್ದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಸ್ಪೀಕರ್ ಆದರು. 1979ರ ಜುಲೈಯಲ್ಲಿ ಪ್ರಧಾನಿಯಾದ ಚರಣ್ ಸಿಂಗ್ ಸದನವನ್ನು ಎದುರಿಸದೆಯೇ ಆಗಸ್ಟ್ 20ರಂದು ರಾಜೀನಾಮೆ ಕೊಟ್ಟರು, 22ರಂದು ರಾಷ್ಟ್ರಪತಿ ಸಂಜೀವ ರೆಡ್ಡಿ ಸಭೆಯನ್ನು ವಿಸರ್ಜಿಸಿದರು. ಉಳಿದ ಸದಸ್ಯರೆಲ್ಲ ಆ ಕ್ಷಣಕ್ಕೆ ಮಾಜಿಗಳಾದರು, ಹೆಗ್ಡೆಯವರು ಆಗಲಿಲ್ಲ. ವಿಸರ್ಜನೆಯಾದರೂ ಮುಂದಿನ ಲೋಕಸಭೆಯ ಮೊದಲ ಕಲಾಪಕ್ಕೆ ತುಸು ಮುಂಚಿನವರೆಗೆ ಸ್ಪೀಕರ್ ಹುದ್ದೆ ತೆರವಾಗಬಾರದು ಎಂಬುದು 94ನೇ ವಿಧಿಯ ಮಾತು. ಅದರಂತೆ 1980ರ ಜನವರಿ 21ರಂದು ಏಳನೇ ಲೋಕಸಭೆ ಸೇರುವವರೆಗೆ ಐದು ತಿಂಗಳು ಅವರು ಸಭೆಯೇ ಇಲ್ಲದ ಸಭಾಧ್ಯಕ್ಷರಾಗಿದ್ದರು.

ಒಂಬತ್ತನೇ ಲೋಕಸಭೆ 1991ರ ಮಾರ್ಚಿನಲ್ಲಿ, ಚಂದ್ರಶೇಖರ್ ಸರ್ಕಾರ ಬಿದ್ದ ವಾರದಲ್ಲಿ, ತರಾತುರಿಯಿಂದ ಮುಗಿಯಿತು. ಅದರ ಕೊನೆಯ ದಿನ ಸಂಸದರ ಸಂಬಳ, ಭತ್ಯೆ ಮತ್ತು ಪಿಂಚಣಿಗೆ ಸಂಬಂಧಿಸಿದ ತಿದ್ದುಪಡಿ ಮಸೂದೆಯೂ ಅಂಗೀಕಾರ ಪಡೆಯಿತು. ಬೊಕ್ಕಸದ ಮೇಲೆ ಹೊರೆ ಹಾಕುವ ಇಂಥ ಮಸೂದೆಗೆ ರಾಷ್ಟ್ರಪತಿಗಳ ಪೂರ್ವ ಶಿಫಾರಸು ಬೇಕು, ಅದನ್ನು ಪಡೆದಿರಲಿಲ್ಲ. ರಾಷ್ಟ್ರಪತಿ ಆರ್. ವೆಂಕಟರಾಮನ್ ಅಂಕಿತ ಹಾಕಲು ನಿರಾಕರಿಸಿದರು. ಮನೆಗೆ ಹೋಗುವ ಗಳಿಗೆಯಲ್ಲಿ ಸದನ ತನಗಾಗಿ ಮಾಡಿಕೊಂಡ ಕಾಯಿದೆಯನ್ನು ರಾಷ್ಟ್ರಪತಿ ತಡೆದ ಈ ಪ್ರಸಂಗ ಸಂವಿಧಾನದ ಪಠ್ಯಪುಸ್ತಕಗಳಲ್ಲಿ ಉದಾಹರಣೆಯಾಗಿ ಉಳಿದುಕೊಂಡಿದೆ.

1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ 270, ಅಂದರೆ ಒಂದು ಮತದಿಂದ, ಸೋತಿತು. ಬೇರೆ ಸರ್ಕಾರ ರಚನೆಯಾಗಲಿಲ್ಲ. ಬಜೆಟ್ಟನ್ನು ಚರ್ಚೆಯಿಲ್ಲದೆ ಒಪ್ಪಿ 12ನೇ ಲೋಕಸಭೆ ಚದುರಿತು, 26ರಂದು ವಿಸರ್ಜನೆಯಾಯಿತು. ಮುಂದಿನ ಸಭೆ ಬಂದದ್ದು ಅಕ್ಟೋಬರಿನಲ್ಲಿ. ಕಾರ್ಗಿಲ್ ಯುದ್ಧ ನಡೆದ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ದೇಶಕ್ಕೆ ಲೋಕಸಭೆಯೇ ಇರಲಿಲ್ಲ. ಒಂದು ಸಭೆಯ ಕೊನೆಗೂ ಇನ್ನೊಂದರ ಆರಂಭಕ್ಕೂ ನಡುವಿನ ಖಾಲಿ ಕಾಲ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ರಾಜ್ಯಗಳಲ್ಲಿ ಅವಧಿಯ ನಡುವಿನ ಅಂತ್ಯಕ್ಕೆ ಕಡಿವಾಣ ಬಿದ್ದದ್ದು ಕರ್ನಾಟಕದ ಪ್ರಕರಣದಿಂದ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿ ವಿಧಾನಸಭೆಯನ್ನು ವಿಸರ್ಜಿಸಲಾಯಿತು. ಸದನದಲ್ಲೇ ಬಹುಮತ ಸಾಬೀತು ಮಾಡುತ್ತೇನೆಂದು ಬೊಮ್ಮಾಯಿ ಹೇಳಿದ್ದು ರಾಜ್ಯಪಾಲರ ಕಿವಿಗೆ ಬೀಳಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ ಎಂದಿತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಸಿಗುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ ಎಂದೂ ಹೇಳಿತು. 1989ರ ಆ ಶಾಸಕರಿಗೆ ಅಷ್ಟು ಹೊತ್ತಿಗೆ ಇದರಿಂದ ಏನೂ ಸಿಗುವಂತಿರಲಿಲ್ಲ. ಆಮೇಲಿನ ಶಾಸನಸಭೆಗಳಿಗೆ ಸಿಕ್ಕಿದೆ.

ಸಭೆ ಮುಗಿದಾಗ ಮಸೂದೆಗಳ ಗತಿ ಏನು ಎಂಬುದನ್ನು 107ನೇ ವಿಧಿ ಹೇಳುತ್ತದೆ. ಅಧಿವೇಶನ ಮುಕ್ತಾಯವಾದರೆ ಯಾವ ಮಸೂದೆಗೂ ತೊಂದರೆಯಿಲ್ಲ. ವಿಸರ್ಜನೆಯಾದರೆ ಲೋಕಸಭೆಯಲ್ಲಿ ಬಾಕಿ ಇರುವ ಎಲ್ಲ ಮಸೂದೆಗಳೂ ಬಿದ್ದುಹೋಗುತ್ತವೆ, ಲೋಕಸಭೆ ಅಂಗೀಕರಿಸಿ ರಾಜ್ಯಸಭೆಗೆ ಕಳಿಸಿದ್ದವೂ ಹೋಗುತ್ತವೆ. ರಾಜ್ಯಸಭೆಯಲ್ಲೇ ಮಂಡನೆಯಾಗಿ ಇನ್ನೂ ಲೋಕಸಭೆಯ ಒಪ್ಪಿಗೆ ಪಡೆಯದೆ ಅಲ್ಲೇ ಇರುವ ಮಸೂದೆ ಮಾತ್ರ ಉಳಿಯುತ್ತದೆ. ಜಂಟಿ ಅಧಿವೇಶನಕ್ಕೆ ರಾಷ್ಟ್ರಪತಿಗಳ ಅಧಿಸೂಚನೆ ಆಗಿಬಿಟ್ಟಿದ್ದರೆ ಆ ಮಸೂದೆಗೂ ಜೀವ ಉಂಟು. ಎರಡೂ ಸದನ ದಾಟಿ ಅಂಕಿತಕ್ಕೆ ಹೋದ ಮಸೂದೆಯ ವಿಷಯ ಕೇರಳದ ಭೂಸುಧಾರಣಾ ಮಸೂದೆಯ ಮೊಕದ್ದಮೆಯಲ್ಲಿ ಬಂತು. ಶಾಸಕಾಂಗ ತನ್ನ ಕೆಲಸ ಮುಗಿಸಿದೆಯಾದ್ದರಿಂದ ಅಂಥ ಮಸೂದೆ ವಿಸರ್ಜನೆಯಿಂದ ಬೀಳುವುದಿಲ್ಲ ಎಂದು 1962ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ರಾಜ್ಯಸಭೆಯಲ್ಲಿ ಮಂಡನೆಯಾದದ್ದು ಬೀಳುವುದಿಲ್ಲವಾದ್ದರಿಂದ ಅದರ ಪಟ್ಟಿಯಲ್ಲಿ ಕೆಲವು ಮಸೂದೆಗಳು ತಲೆಮಾರುಗಟ್ಟಲೆ ಉಳಿದುಬಿಡುತ್ತವೆ. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರನ್ನು ಶಾಸನಸಭೆಗೆ ಅನರ್ಹಗೊಳಿಸುವ 1992ರ ತಿದ್ದುಪಡಿ ಮಸೂದೆ ದಶಕಗಳ ಕಾಲ ಅಲ್ಲಿ ಹಾಗೆಯೇ ಇತ್ತು.

ಲೋಕಪಾಲ ಮಸೂದೆಯ ಪಾಡು ಎಲ್ಲಕ್ಕಿಂತ ದೀರ್ಘ. 1968ರಲ್ಲಿ ಬಂದ ಅದು 1969ರಲ್ಲಿ ಲೋಕಸಭೆಯನ್ನು ದಾಟಿ ರಾಜ್ಯಸಭೆಯಲ್ಲಿದ್ದಾಗ ನಾಲ್ಕನೇ ಲೋಕಸಭೆ ವಿಸರ್ಜನೆಯಾಗಿ ಬಿದ್ದಿತು. 1971ರದು, 1977ರದು, 1989ರದು, 1996ರದು, 1998ರದು, 2001ರದು ಎಲ್ಲವೂ ತಮ್ಮ ತಮ್ಮ ಲೋಕಸಭೆಯ ಜೊತೆ ಹೋದವು. 1985ರದನ್ನು ಸರ್ಕಾರವೇ ವಾಪಸು ಪಡೆಯಿತು. ಕರ್ನಾಟಕ ಅಷ್ಟರಲ್ಲಿ 1984ರಲ್ಲೇ ಲೋಕಾಯುಕ್ತ ಕಾಯಿದೆ ಮಾಡಿತ್ತು. ಕೇಂದ್ರದಲ್ಲಿ ಕಾಯಿದೆಯಾಗಲು 2013ರ ಡಿಸೆಂಬರ್ ಬರಬೇಕಾಯಿತು. ಇಷ್ಟೊಂದು ಸಲ ಬಿದ್ದದ್ದನ್ನು ಕಾಲದ ಅಭಾವ ಎನ್ನಲಾಗದು. ಸಭೆ ಮುಗಿಯುವವರೆಗೆ ಬಾಕಿ ಉಳಿಸಿಕೊಂಡ ಮಸೂದೆಯನ್ನು ಯಾರೂ ವಿರೋಧಿಸದೆಯೇ ಮುಗಿಸಬಹುದು ಎಂಬುದು ಸರ್ಕಾರಗಳಿಗೆ ಚೆನ್ನಾಗಿ ಗೊತ್ತಿತ್ತು.

ಮಹಿಳಾ ಮೀಸಲಾತಿಯ ಮಸೂದೆಯನ್ನು ಎಚ್.ಡಿ. ದೇವೇಗೌಡರ ಸರ್ಕಾರ 1996ರ ಸೆಪ್ಟೆಂಬರ್ 12ರಂದು ಮಂಡಿಸಿತು. ಗೀತಾ ಮುಖರ್ಜಿಯವರ ಅಧ್ಯಕ್ಷತೆಯ ಜಂಟಿ ಸಮಿತಿ ಅದನ್ನು ಪರಿಶೀಲಿಸಿತು. ಸರ್ಕಾರವೂ ಬಿತ್ತು, 1997ರ ಡಿಸೆಂಬರಿನಲ್ಲಿ 11ನೇ ಲೋಕಸಭೆಯೂ ಮುಗಿಯಿತು, ಮಸೂದೆಯೂ ಹೋಯಿತು. 1998ರಲ್ಲಿ, 1999ರಲ್ಲಿ ಮತ್ತೆ ಬಂದು ಮತ್ತೆ ಬಿದ್ದಿತು. ಈ ಪಾಠ ಕಲಿತ ಮನಮೋಹನ್ ಸಿಂಗ್ ಸರ್ಕಾರ 2008ರ ಮೇ ತಿಂಗಳಲ್ಲಿ ಅದನ್ನು ರಾಜ್ಯಸಭೆಯಲ್ಲಿ ಮಂಡಿಸಿತು. ಉಪಾಯ ಫಲಿಸಿತು. 2009ರಲ್ಲಿ 14ನೇ ಲೋಕಸಭೆ ವಿಸರ್ಜನೆಯಾದರೂ ಮಸೂದೆ ಬದುಕಿತು. 2010ರ ಮಾರ್ಚ್ 9ರಂದು ರಾಜ್ಯಸಭೆ ಅದನ್ನು ಅಂಗೀಕರಿಸಿತು. ಆ ಗೆಲುವಿನಿಂದಲೇ ಅದರ ರಕ್ಷಣೆ ತಪ್ಪಿತು. ಸಾವಿಲ್ಲದ ಸದನದಿಂದ ಆಯಸ್ಸಿನ ಮಿತಿಯಿರುವ ಸದನಕ್ಕೆ ಬಂದ ಮಸೂದೆ ನಾಲ್ಕು ವರ್ಷ ಚರ್ಚೆಗೇ ಬಾರದೆ 2014ರಲ್ಲಿ 15ನೇ ಲೋಕಸಭೆಯ ಜೊತೆ ಇಲ್ಲವಾಯಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಹೊಸ ಸಂಸತ್ ಭವನದಲ್ಲಿ ಬೇರೊಂದು ಮಸೂದೆಯಾಗಿ ಎರಡೇ ದಿನಗಳಲ್ಲಿ ಎರಡೂ ಸದನಗಳನ್ನು ದಾಟಿತು. ಎರಡು ದಿನದಲ್ಲಿ ಆಗುವ ಕೆಲಸಕ್ಕೆ 27 ವರ್ಷ ಹಿಡಿದದ್ದು ಆ ನಡುವೆ ಬಂದು ಹೋದ ಪ್ರತಿಯೊಂದು ಲೋಕಸಭೆಯ ಲೆಕ್ಕದಲ್ಲೂ ಬಾಕಿಯಾಗಿಯೇ ಕಾಣುತ್ತದೆ.

ಖಾಸಗಿ ಸದಸ್ಯರ ಮಸೂದೆಗಳ ಸ್ಥಿತಿ ಇನ್ನೂ ಶೋಚನೀಯ. 1970ರ ನಂತರ ಅಂಥ ಒಂದು ಮಸೂದೆಯೂ ಕಾಯಿದೆಯಾಗಿಲ್ಲ. ಲೋಕಸಭೆಯ ಸದಸ್ಯನೊಬ್ಬ ಕಷ್ಟಪಟ್ಟು ಬರೆದ ಮಸೂದೆ ಅವನ ಅವಧಿಯೊಡನೆಯೇ ಕೊನೆಗೊಳ್ಳುತ್ತದೆ.

ಬೀಳುವ ಭಯವೇ ಅವಸರವನ್ನೂ ಹುಟ್ಟಿಸುತ್ತದೆ. 14ನೇ ಲೋಕಸಭೆಯ ಕೊನೆಯ ಚಳಿಗಾಲದಲ್ಲಿ, 2008ರ ಡಿಸೆಂಬರಿನಲ್ಲಿ, ಮುಂಬೈ ದಾಳಿಯ ಬೆನ್ನಿಗೇ ಗದ್ದಲದ ನಡುವೆ ಹಲವು ಮಸೂದೆಗಳು ಚರ್ಚೆಯಿಲ್ಲದೆ ದಾಟಿದವು. ಮಾಹಿತಿ ತಂತ್ರಜ್ಞಾನ ಕಾಯಿದೆಯ ತಿದ್ದುಪಡಿ ಅವುಗಳಲ್ಲೊಂದು. ಅಂತರ್ಜಾಲದಲ್ಲಿ ಬರೆದ ಮಾತಿಗೆ ಜೈಲಿಗೆ ಹಾಕಬಹುದಾದ 66ಎ ಸೆಕ್ಷನ್ ಹೀಗೆ ಸದನದಲ್ಲಿ ಚರ್ಚೆಯಾಗದೆ ಕಾನೂನಾಯಿತು. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡುವ ಹೊತ್ತಿಗೆ ಫೇಸ್‌ಬುಕ್ಕಿನಲ್ಲಿ ಬರೆದ ಕಾರಣಕ್ಕೆ ಪೊಲೀಸ್ ಠಾಣೆ ಕಂಡವರಿದ್ದರು.

15ನೇ ಲೋಕಸಭೆಯ ಕೊನೆಯ ಅಧಿವೇಶನವಂತೂ ಸಂಸತ್ತಿನ ಚರಿತ್ರೆಯಲ್ಲೇ ಅತ್ಯಂತ ಕಹಿಯಾದದ್ದು. 2014ರ ಫೆಬ್ರವರಿ 5ರಂದು ಆರಂಭವಾಗಿ 21ರಂದು ಮುಗಿದ ಆ ದಿನಗಳಲ್ಲಿ ಆಂಧ್ರಪ್ರದೇಶದ ವಿಭಜನೆಯೇ ಮುಖ್ಯ ವಿಷಯ. 13ರಂದು ಮಸೂದೆ ಮಂಡನೆಯಾಗುವಾಗ ವಿಜಯವಾಡದ ಸದಸ್ಯ ಲಗಡಪಾಟಿ ರಾಜಗೋಪಾಲ್ ಸದನದೊಳಗೆ ಮೆಣಸಿನ ಪುಡಿಯ ಸ್ಪ್ರೇ ಎರಚಿದರು. ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ ಸದಸ್ಯರು ಹೊರಗೆ ಓಡಿದರು, ಕೆಲವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. 17ರಂದು ಮಧ್ಯಂತರ ಬಜೆಟ್ ಬಂತು. 18ರಂದು ಟಿ.ವಿ. ನೇರಪ್ರಸಾರ ನಿಂತುಹೋಗಿದ್ದ ಹೊತ್ತಿನಲ್ಲಿ ತೆಲಂಗಾಣ ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು. ಒಂದು ರಾಜ್ಯ ಎರಡಾದ ಗಳಿಗೆಯನ್ನು ಆ ರಾಜ್ಯದ ಜನ ನೋಡಲಾಗಲಿಲ್ಲ.

ಅದೇ ಫೆಬ್ರವರಿ 21ರಂದು ರಾಜ್ಯಸಭೆಯಲ್ಲಿ ಭ್ರಷ್ಟಾಚಾರ ಬಯಲು ಮಾಡುವವರ ರಕ್ಷಣೆಯ ಮಸೂದೆ ಅಂಗೀಕಾರ ಪಡೆಯಿತು. ಸುವರ್ಣ ಚತುಷ್ಪಥ ರಸ್ತೆಯ ಅಕ್ರಮ ಬರೆದು ತಿಳಿಸಿದ ಸತ್ಯೇಂದ್ರ ದುಬೆ 2003ರಲ್ಲಿ ಕೊಲೆಯಾಗಿದ್ದರು. ಕೆ.ಜಿ.ಎಫ್.ನಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಕಲಬೆರಕೆ ಇಂಧನದ ವಿರುದ್ಧ ನಿಂತದ್ದಕ್ಕೆ 2005ರಲ್ಲಿ ಉತ್ತರಪ್ರದೇಶದಲ್ಲಿ ಪ್ರಾಣ ತೆತ್ತಿದ್ದರು. ಲೋಕಸಭೆ 2011ರ ಡಿಸೆಂಬರಿನಲ್ಲೇ ಒಪ್ಪಿದ್ದ ಮಸೂದೆ ಎರಡು ವರ್ಷ ರಾಜ್ಯಸಭೆಯಲ್ಲಿ ಕೂತಿತ್ತು. ಸರ್ಕಾರದ ಬಳಿ ತಿದ್ದುಪಡಿಗಳಿದ್ದವು. ಅವನ್ನು ಸೇರಿಸಿದರೆ ಮಸೂದೆ ಮತ್ತೆ ಲೋಕಸಭೆಗೆ ಹೋಗಬೇಕು, ಲೋಕಸಭೆಗೆ ಉಳಿದಿದ್ದದ್ದು ಅದೊಂದೇ ದಿನ. ತಿದ್ದುಪಡಿಗಳನ್ನು ಬದಿಗಿಟ್ಟು ಮಸೂದೆಯನ್ನು ಇದ್ದಹಾಗೇ ಒಪ್ಪಿಕೊಂಡರು. ಅವಸರ ಇಲ್ಲಿ ಒಳ್ಳೆಯದನ್ನೇ ಮಾಡಿತು. ಕಾಯಿದೆಯಂತೂ ಉಳಿಯಿತು.

ಕೊನೆಯ ಅಧಿವೇಶನದಲ್ಲಿ ಪೂರ್ಣ ಬಜೆಟ್ ಮಂಡಿಸದೆ ಕೆಲವು ತಿಂಗಳ ಖರ್ಚಿಗಷ್ಟೇ ಲೇಖಾನುದಾನ ಪಡೆಯುವುದು ಹಳೆಯ ಶಿಷ್ಟಾಚಾರ. ಹೊಸ ಜನಾದೇಶ ಪಡೆದು ಬರುವವರ ಕೈ ಕಟ್ಟಬಾರದೆಂಬುದು ಇದರ ಹಿಂದಿನ ವಿವೇಕ. ಅದು ಶಾಸನದ ಕಟ್ಟಳೆಯಾಗಿರದೆ ಬರಿಯ ಮರ್ಯಾದೆಯಾಗಿರುವುದರಿಂದ ಸಡಿಲವಾಗುತ್ತ ಬಂದಿದೆ. 2019ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಐದು ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ರಿಯಾಯಿತಿಯೂ, ರೈತರಿಗೆ ವರ್ಷಕ್ಕೆ 6,000 ರೂಪಾಯಿಯ ಯೋಜನೆಯೂ ಬಂದವು.

ಕೊನೆಯ ದಿನದ ಕಲಾಪಕ್ಕೆ ಒಂದು ನಿಶ್ಚಿತ ರೂಪ ಬಂದಿದೆ. ಕಾಗದಪತ್ರಗಳ ಮಂಡನೆ, ಉಳಿದ ಒಂದೆರಡು ಮಸೂದೆ ಮುಗಿದ ಮೇಲೆ ಪಕ್ಷಗಳ ನಾಯಕರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಪ್ರಧಾನಿ ಮಾತಾಡುತ್ತಾರೆ. ಸ್ಪೀಕರ್ ಐದು ವರ್ಷದ ಲೆಕ್ಕ ಓದುತ್ತಾರೆ. ಎಷ್ಟು ದಿನ ಸೇರಿದೆವು, ಎಷ್ಟು ಗಂಟೆ ಕೆಲಸ, ಎಷ್ಟು ಗಂಟೆ ಗದ್ದಲಕ್ಕೆ ಹೋಯಿತು, ಎಷ್ಟು ಮಸೂದೆ ಆದವು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಉಪಸಭಾಧ್ಯಕ್ಷರಿಗೆ, ಸಚಿವಾಲಯದ ಸಿಬ್ಬಂದಿಗೆ, ವರದಿಗಾರರಿಗೆ ಕೃತಜ್ಞತೆ ಹೇಳಿದ ಮೇಲೆ ಎಲ್ಲರೂ ಎದ್ದು ನಿಲ್ಲುತ್ತಾರೆ, ವಂದೇ ಮಾತರಂ ವಾದ್ಯದಲ್ಲಿ ಮೊಳಗುತ್ತದೆ. ಅಧಿವೇಶನದ ಕೊನೆಗೆ ಅದನ್ನು ನುಡಿಸುವ ಪದ್ಧತಿ 1992ರ ಡಿಸೆಂಬರಿನಿಂದ ನಡೆದುಬಂದಿದೆ. ಸದನ ಅನಿರ್ದಿಷ್ಟ ಕಾಲಕ್ಕೆ ಮುಂದೂಡಲ್ಪಡುತ್ತದೆ.

ಕೊನೆಯ ದಿನಗಳ ಮಾತುಗಳಲ್ಲಿ ಕಹಿಯೂ ಇರುತ್ತದೆ, ಹಗೆ ಕರಗುವುದೂ ಉಂಟು. 2009ರ ಫೆಬ್ರವರಿ 19ರಂದು ಗದ್ದಲ ಎಬ್ಬಿಸಿದವರಿಗೆ ಸ್ಪೀಕರ್ ಸೋಮನಾಥ ಚಟರ್ಜಿ, ನೀವೆಲ್ಲ ಚುನಾವಣೆಯಲ್ಲಿ ಸೋಲಬೇಕು, ಸಾರ್ವಜನಿಕರ ಒಂದು ಪೈಸೆಗೂ ನೀವು ಅರ್ಹರಲ್ಲ ಎಂಬರ್ಥದ ಮಾತು ಆಡಿದ್ದರು. ನಾಲ್ಕು ದಶಕದ ಸಂಸದೀಯ ಬದುಕಿನ ಕೊನೆಯಲ್ಲಿ ನಿಂತಿದ್ದ ಹಿರಿಯನ ಸಂಕಟ ಅದು. ಪಕ್ಷದಿಂದ ಉಚ್ಚಾಟಿತರಾಗಿದ್ದ ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. 2014ರಲ್ಲಿ ಮೆಣಸಿನ ಪುಡಿಯ ಘಟನೆ ನಡೆದ ಎಂಟು ದಿನಕ್ಕೆ ವಿರೋಧಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ಅದೇ ಸದನದಲ್ಲಿ ನಿಂತು ಎದುರುಪಕ್ಷದವರ ಗುಣಗಾನ ಮಾಡಿದರು. ಸಂಸದೀಯ ವ್ಯವಹಾರಗಳ ಸಚಿವ ಕಮಲನಾಥರ ತುಂಟತನ ಸದನವನ್ನು ಸಿಕ್ಕಿಗೆ ಸಿಲುಕಿಸುತ್ತಿತ್ತು, ಸದನದ ನಾಯಕ ಶಿಂಧೆಯವರ ಸಜ್ಜನಿಕೆ ಆ ಸಿಕ್ಕನ್ನು ಬಿಡಿಸುತ್ತಿತ್ತು ಎಂದು ನಗಿಸಿದರು. ಅಂದಿನ ಹೊಗಳಿಕೆಗೆ ಆಡ್ವಾಣಿಯವರ ಕಣ್ಣು ತುಂಬಿ ಬಂತು. 2019ರ ಫೆಬ್ರವರಿ 13ರಂದು ಮುಲಾಯಂ ಸಿಂಗ್ ಯಾದವ್, ಪಕ್ಕದಲ್ಲಿ ಸೋನಿಯಾ ಗಾಂಧಿ ಕೂತಿರುವಾಗಲೇ, ನರೇಂದ್ರ ಮೋದಿ ಮತ್ತೆ ಪ್ರಧಾನಿಯಾಗಲಿ ಎಂದು ಹಾರೈಸಿ ಎಲ್ಲರನ್ನೂ ಬೆರಗಾಗಿಸಿದರು. ಆ ಸಭೆಯಲ್ಲಿದ್ದ ದೇವೇಗೌಡರೂ, ಕಾಂಗ್ರೆಸ್ಸಿನ ಸದನ ನಾಯಕರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರೂ ಮೂರು ತಿಂಗಳ ನಂತರ ತುಮಕೂರು, ಕಲಬುರಗಿಗಳಲ್ಲಿ ಸೋತರು. 2020ರಲ್ಲಿ ಇಬ್ಬರೂ ರಾಜ್ಯಸಭೆಗೆ ಬಂದರು.

ವಿಸರ್ಜನೆಯ ಆದೇಶ ಹೊರಬಿದ್ದ ಮೇಲೆ ಉಳಿಯುವುದು ಸ್ಪೀಕರ್ ಮತ್ತು ಮಂತ್ರಿಮಂಡಲ. ಲೋಕಸಭೆಗೆ ಹೊಣೆಯಾದ ಮಂತ್ರಿಮಂಡಲ ಲೋಕಸಭೆಯೇ ಇಲ್ಲದಾಗ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ 1971ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಂತ್ರಿಮಂಡಲದ ಸಲಹೆಯಿಲ್ಲದೆ ರಾಷ್ಟ್ರಪತಿ ಒಂದು ದಿನವೂ ಆಡಳಿತ ನಡೆಸುವಂತಿಲ್ಲವಾದ್ದರಿಂದ ಅದು ಉಳಿಯಲೇಬೇಕು ಎಂದು ನ್ಯಾಯಾಲಯ ಹೇಳಿತು. ಮಾಜಿಯಾದ ಸದಸ್ಯ ದೆಹಲಿಯ ಸರ್ಕಾರಿ ಮನೆ ಬಿಡಬೇಕು. ಅವನ ಸಂಸದರ ನಿಧಿಯಲ್ಲಿ ಖರ್ಚಾಗದೆ ಉಳಿದ ಹಣ ಅದೇ ಕ್ಷೇತ್ರದ ಮುಂದಿನ ಸದಸ್ಯನ ಲೆಕ್ಕಕ್ಕೆ ಹೋಗುತ್ತದೆ.

17ನೇ ಲೋಕಸಭೆ ಹಳೆಯ ಭವನದಲ್ಲಿ ಆರಂಭವಾಗಿ ಹೊಸ ಭವನದಲ್ಲಿ ಮುಗಿಯಿತು. ಕೊನೆಯ ದಿನ ಅಯೋಧ್ಯೆಯ ರಾಮಮಂದಿರದ ಬಗ್ಗೆ ಚರ್ಚೆ ನಡೆಸಿ ಅದು ಚದುರಿತು. ಐದು ವರ್ಷವೂ ಅದಕ್ಕೆ ಉಪಸಭಾಧ್ಯಕ್ಷರಿರಲಿಲ್ಲ. ಅದು ಸೇರಿದ ದಿನಗಳು 274, ಪೂರ್ಣಾವಧಿ ನಡೆದ ಲೋಕಸಭೆಗಳಲ್ಲೇ ಅತಿ ಕಡಿಮೆ. ಮೊದಲ ಲೋಕಸಭೆಯ 677ರ ಪಕ್ಕದಲ್ಲಿ ಈ ಅಂಕಿ ಇಟ್ಟು ನೋಡಿದರೆ ಸದಸ್ಯರಿಗೆ ಮಾತಾಡಲು ಸಿಗುವ ಕಾಲ ಎಷ್ಟು ಕುಗ್ಗಿದೆ ಎಂಬುದು ತಿಳಿಯುತ್ತದೆ. ಹೆಣ್ಣುಮಕ್ಕಳ ಮದುವೆಯ ವಯಸ್ಸನ್ನು 21ಕ್ಕೆ ಏರಿಸುವ 2021ರ ಮಸೂದೆ ಸ್ಥಾಯಿ ಸಮಿತಿಯಲ್ಲೇ ಉಳಿದು ಆ ಸಭೆಯ ಜೊತೆ ಬಿದ್ದುಹೋಯಿತು. ಅದು ಮತ್ತೆ ಬರಬೇಕಾದರೆ ಹೊಸ ಮಸೂದೆಯಾಗಿ, ಹೊಸ ಸಂಖ್ಯೆಯೊಂದಿಗೆ, ಮಂಡನೆಯ ಹಂತದಿಂದಲೇ ಆರಂಭವಾಗಬೇಕು. 18ನೇ ಲೋಕಸಭೆ 2024ರ ಜೂನ್ 24ರಂದು ಸೇರಿತು. ಹಂಗಾಮಿ ಸ್ಪೀಕರ್ ಭರ್ತೃಹರಿ ಮಹತಾಬ್ ಸದಸ್ಯರಿಗೆ ಪ್ರಮಾಣವಚನ ಬೋಧಿಸಿದರು, 26ರಂದು ಓಂ ಬಿರ್ಲಾ ಮತ್ತೆ ಸ್ಪೀಕರ್ ಆಗಿ ಆಯ್ಕೆಯಾದರು.